ಶಾಂತಿಪೂಜೆಗೆ ಮಣಿಯದ ಸರ್ವರ್

ನಾನು ಮಂಗಳಾರತಿ ಎತ್ತಿದ ಕ್ಷಣದಲ್ಲೇ ಕಂಪ್ಯೂಟರು ಸ್ತಬ್ಧವಾಯಿತು.

"ಆಚಾರ್ರ, ನಿಮ್ಮ ಗಣಪ್ಪನ ಕಣ್ಮುಂದನ ಸತ್ತಿತಲ್ರಿ," ಎಂದ, ಸಿಂದಗಿಯ ಆ ಸೈಬರ್ ಕೆಫೆಯ ಮಾಲೀಕ ಮಲ್ಲಣ್ಣ. ಅದು ಅವನ ಸರ್ವರ್. ಇಂಡಿ, ಮುದ್ದೇಬಿಹಾಳದವರೂ ಇಂಟರ್ನೆಟ್ಟಿನ ಮೂಲಕ ಅದರೊಳಗೆ ಬಂದು ಯುದ್ಧದ ಆಟ ಆಡುತ್ತಿದ್ದರು. ವಾರದಿಂದ ಅದು ನಡುವೆಯೇ ನಿಂತುಹೋಗುತ್ತಿದ್ದುದರಿಂದ ಗಿರಾಕಿಗಳು ಎದುರಿನ ಅಂಗಡಿಯ ಪಾಲಾಗತೊಡಗಿದ್ದರು. ಅದಕ್ಕಾಗಿಯೇ ಈ ಶಾಂತಿಪೂಜೆ.

ಕಂಪ್ಯೂಟರ್ ಕಲಿತಿದ್ದ ಅವನ ಹೆಂಡತಿ ಶೋಭಾ ಪರದೆಯನ್ನು ಪರೀಕ್ಷಿಸಿದಳು. "ಪೂಜಿದೇನೂ ತಪ್ಪಿಲ್ರಿ. ಯಾವನೋ ಕಿಡಿಗೇಡಿ ಆಟದಾಗ ತನ್ನ ಹೆಸರಿಗೆ ಶೇಕಡಾ ಚಿಹ್ನಿ ಹಚ್ಚಿಕೊಂಡು ಬರಾಕತ್ತಾನ. ಆ ಚಿಹ್ನಿ ಅಂದ್ರ 'ಇಲ್ಲಿ ಏನರ ತುಂಬು' ಅಂತ ಸಾಫ್ಟ್‌ವೇರಿಗೆ ಅಪ್ಪಣಿ. ಅದು ಹೆಸರು ತೋರಸೂದು ಬಿಟ್ಟು, ತುಂಬಾಕ ಇಲ್ಲದ್ದನ್ನ ಹುಡುಕಿ ಬೀಳತೈತಿ."

ನನಗೆ ನಗು ತಡೆಯಲಾಗಲಿಲ್ಲ. ಸಂಕಲ್ಪದ ಪಾಠದಲ್ಲಿ 'ಅಮುಕ' ಎಂದಿರುವಲ್ಲಿ ಯಜಮಾನನ ಹೆಸರನ್ನು ತುಂಬಿ ಹೇಳುವುದು ನಮ್ಮ ಪದ್ಧತಿ. ಯಜಮಾನನೇ ತನ್ನ ಹೆಸರು 'ಅಮುಕ' ಎಂದುಬಿಟ್ಟರೆ ಯಾವ ಪುರೋಹಿತ ತಾನೇ ಮುಂದೆ ಸಾಗಿಯಾನು?

ಶೋಭಾ ದೋಷ ತಿದ್ದಿದ ಹೊಸ ಸಾಫ್ಟ್‌ವೇರನ್ನು ಇಳಿಸಿ ಹಾಕಿದಳು. ಸರ್ವರ್ ಮತ್ತೆ ಬೀಳಲಿಲ್ಲ, ಗಿರಾಕಿಗಳೂ ಮರಳಿದರು.

ಕೀರ್ತಿ ಮಾತ್ರ ನನ್ನ ಪಾಲಿಗೆ ಬಂದಿತು. ಬಸವನ ಬಾಗೇವಾಡಿಯ ಇನ್ನೊಂದು ಕೆಫೆಯವರು ಪೂಜೆಗೆ ಕರೆದಾಗ, ಮೊದಲು ಶೋಭಾಳನ್ನು ಕರೆಸಿರೆಂದು ಹೇಳಿ ಕಳುಹಿಸಿದೆ. ಗಣಪತಿಯ ಮೇಲಿನ ನನ್ನ ಭಕ್ತಿ ಎಳ್ಳಷ್ಟೂ ಕುಂದಿಲ್ಲ; ಅವನೂ ಅಂದು ನನ್ನ ಪಕ್ಕದಲ್ಲಿ ಕುಳಿತು ಶೋಭಾಳ ಪಾಠ ಕೇಳಿದನೆಂದೇ ನಂಬಿದ್ದೇನೆ.