ಗಾಲಿಗೆ ಕಟ್ಟಿದ್ದ ಸೆರಗು

ನಬೀಸಾಬರೆ, ಗಂಗವ್ವನ ಬಟ್ಟೆಯನ್ನು ಕಾಲುವೆಯ ತೂಬಿನ ಗಾಲಿಯಿಂದ ಬಿಚ್ಚಿದವಳು ನಾನು. ನೀವಲ್ಲ. ನೀವು ಹೊಲಕ್ಕೆ ಬರುವ ಮೊದಲೇ, ಹಾಡುಹಗಲಲ್ಲಿ, ನನ್ನ ಈ ಎರಡು ಕೈಗಳಿಂದ ಬಿಚ್ಚಿದ್ದೆ. ಆಮೇಲೆ ಹತ್ತು ಜನರ ಮುಂದೆ, ನೋಡಿಲ್ಲ ಎಂದೆ.

ಇಷ್ಟು ಬರೆಯಲು ನನಗೆ ಆರು ವರ್ಷ ಬೇಕಾಯಿತು. ಮೂವತ್ತು ವರ್ಷ ಹೈಸ್ಕೂಲಿನಲ್ಲಿ ಕನ್ನಡ ಕಲಿಸಿದವಳಿಗೆ ನಾಲ್ಕು ಸಾಲು ಬರೆಯಲು ಆರು ವರ್ಷ! ಸುಳ್ಳು ಹೇಳಿದ ಮಕ್ಕಳ ಅಂಗೈಗೆ ಅಡಿಪಟ್ಟಿಯಿಂದ ಹೊಡೆದ ಕೈ ಇದು. ಈಗಲೂ ಬಾಗಲಕೋಟೆಯ ಬಜಾರಿನಲ್ಲಿ ಯಾರಾದರೂ ಹಳೆಯ ವಿದ್ಯಾರ್ಥಿ ಸಿಕ್ಕರೆ, "ಟೀಚರ್, ನಿಮ್ಮಷ್ಟು ನೇರ ಮಂದಿ ಈಗ ಯಾರದಾರ್ರಿ" ಅನ್ನುತ್ತಾನೆ. ನನಗೆ ಅವನ ಕೆನ್ನೆಗೆ ಬಾರಿಸಬೇಕು ಅನ್ನಿಸುತ್ತದೆ. ಅವನ ಕೆನ್ನೆಗಲ್ಲ — ಇರಲಿ.

ಇದನ್ನು ಬೇರೆಯವರೂ ಓದುತ್ತಾರೆ, ಓದಬೇಕು. ಅದಕ್ಕೇ ನಿಮಗೆ ಗೊತ್ತಿರುವುದನ್ನೂ ಹೇಳುತ್ತೇನೆ.

ನಮ್ಮ ಯಜಮಾನರು ಡಿಪ್ಲೊಮಾ ಕಾಲೇಜಿನ ವರ್ಕ್‌ಶಾಪಿನಲ್ಲಿ ಕಲಿಸುತ್ತಿದ್ದವರು. ನಿವೃತ್ತರಾದ ಮೇಲೆ ಒಂದು ಹಳೆಯ ಸ್ಕೂಲ್ ವ್ಯಾನು ಕೊಂಡು, ಸೀಟು ಕಿತ್ತುಹಾಕಿ, ಮಡಚುವ ಮಂಚ, ಒಲೆ, ಮೇಲೊಂದು ನೀರಿನ ಟಾಕಿ ಕೂಡಿಸಿದರು. ಅದಕ್ಕೆ ಕಾರವಾನ್ ಎಂದು ಹೆಸರಿಟ್ಟರು. ನನಗೆ ಆ ಗಾಡಿ ಕಂಡರೆ ಆಗುತ್ತಿರಲಿಲ್ಲ. ನವನಗರದಲ್ಲಿ ಗಟ್ಟಿ ಮನೆ ಇಟ್ಟುಕೊಂಡು ಡಬ್ಬಿಯೊಳಗೆ ಮಲಗಲು ನಮಗೇನು ದೆವ್ವ ಹಿಡಿದಿದೆಯೇ ಎಂದು ಜಗಳ ಆಡಿದೆ. ನಾನಿನ್ನೂ ಕೆಲಸದಲ್ಲಿದ್ದೆ. ಶಾಲೆಗೆ ಮೂರು ದಿನ ಸಾಲು ರಜೆ ಬಂದಾಗ ಅವರು, "ಒಂದ ಸಲ ಬಾ. ಸೇರದಿದ್ರ ಮಾರಿಬಿಡ್ತೇನಿ" ಅಂದರು. ಮಾರಿಸಬೇಕೆಂದೇ ಹೊರಟೆ. ಕುಳಗೇರಿ ಕ್ರಾಸ್ ದಾಟಿ, ಡಾಂಬರು ರಸ್ತೆ ಬಿಟ್ಟು, ಕಾಲುವೆಯ ದಂಡೆ ಹಿಡಿದು ಹೋಗಿ ನಿಂತದ್ದು ನಿಮ್ಮ ತೂಬಿನ ಪಕ್ಕದ ಜಾಲಿಯ ನೆರಳಿನಲ್ಲಿ.

ಮೊದಲು ಬಂದು ಮಾತನಾಡಿಸಿದವರು ನೀವೇ. ಬಿಳಿ ಗಡ್ಡ, ಹೆಗಲ ಮೇಲೆ ಸಲಿಕೆ. "ಇಲ್ಲೇ ಇರ್ರಿ, ಯಾರೂ ಏನೂ ಅನ್ನೂದಿಲ್ಲ. ದಂಡಿ ಕಡೆ ಜಾರತೈತಿ, ಅಕ್ಕಾರು ಹುಷಾರ್ರಿ" ಅಂದು, ನಾಲ್ಕು ಎಳೆಯ ತೆನೆ ಮುರಿದು ಕೊಟ್ಟಿರಿ. ಮರುದಿನ ಬೆಳಿಗ್ಗೆ ಗಂಗವ್ವ ಬಂದಳು — ನಿಮ್ಮ ಪಕ್ಕದ ಹೊಲದವಳು, ಒಬ್ಬಳೇ ನಿಂತು ಬೇಸಾಯ ಮಾಡುವವಳು. ನಮ್ಮ ಒಲೆಯ ಮೇಲೆ ಬ್ರೆಡ್ಡು ಸುಡುವುದನ್ನು ನೋಡಿ ನಕ್ಕು, ನಾನು ಟೀಚರ್ ಎಂದು ಕೇಳಿ ತಿಳಿದು, ತನ್ನ ಬುತ್ತಿಯ ಎರಡು ಖಡಕ್ ರೊಟ್ಟಿ, ಪುಂಡಿಪಲ್ಯ ಇಟ್ಟು, ನೀರು ತಿರುವಲು ಹೋದಳು. ನಿಮ್ಮನ್ನು ಅಣ್ಣಾ ಎಂದು ಕರೆಯುತ್ತಿದ್ದಳು. ಎರಡೂ ಮನೆಯ ಎತ್ತು ಜೋಡಿಸಿ ಉಳುತ್ತೀರಿ ಎಂದೂ ಅವಳೇ ಹೇಳಿದ್ದು. ಕೇಳುತ್ತ ಕೂತಿದ್ದೆ, ರೊಟ್ಟಿ ಮುರಿಯುತ್ತ. ಖರೆ ಹೇಳಬೇಕೆಂದರೆ, ಆ ಬೆಳಿಗ್ಗೆ ಗಾಡಿ ಮಾರುವುದು ಬೇಡ ಅನ್ನಿಸಿತ್ತು.

ಮಧ್ಯಾಹ್ನ ಊಟಕ್ಕೆ ಕೂತಾಗ ಆ ಬಟ್ಟೆ ಕಣ್ಣಿಗೆ ಬಿತ್ತು. ತೂಬಿನ ಬಾಗಿಲು ಎತ್ತಿ ಇಳಿಸುವ ಕಬ್ಬಿಣದ ಗಾಲಿಗೆ, ಗ್ರೀಸಿನ ಪಕ್ಕ, ಮೊಣಕೈ ಉದ್ದದ ಒಂದು ತುಂಡು — ಕೆಂಪು ಸೆರಗು, ಅದರ ಮೇಲೆ ತೆನೆಯಾಕಾರದ ಬಿಳಿ ಚಿತ್ತಾರ.

ನಾನು ಇಳಕಲ್ಲಿನ ನೇಕಾರರ ಮನೆಯ ಮಗಳು. ಇಳಕಲ್ ಸೀರೆಯ ಒಡಲಿನ ಹಾಸು, ಅಂದರೆ ಉದ್ದಕ್ಕೆ ಹಾಯುವ ಎಳೆ, ಬೇರೆ, ಸೆರಗಿನ ಹಾಸು ಬೇರೆ. ಎರಡನ್ನೂ ಎಳೆಗೆ ಎಳೆ ಕೊಂಡಿ ಹಾಕಿ ಸೇರಿಸಬೇಕು, ಆಮೇಲೆಯೇ ನೇಯ್ಗೆ. ನಮ್ಮವ್ವ ಆ ಕೊಂಡಿ ಹಾಕುವವಳು. ಕೂತಲ್ಲೇ ಕೂತು, ಸೊಂಟ ಹಿಡಿದು, ಕೊನೆಗೆ ಕಣ್ಣು ಮಂಜಾಗಿ ಸತ್ತಳು. ಹತ್ತಿರ ಹೋಗಿ ನೋಡಿದೆ. ಆ ತುಂಡಿನಲ್ಲಿ ಒಡಲೂ ಸೆರಗೂ ಕೂಡಿದ ಜಾಗ ಹಾಗೆಯೇ ಇತ್ತು, ಒಂದು ಎಳೆಯೂ ಬಿಟ್ಟಿರಲಿಲ್ಲ. ರೇಷ್ಮೆಯ ಸೆರಗು, ಹಳೆಯ ಕೆಲಸ. ಇಂಥದ್ದನ್ನು ಗ್ರೀಸು ಒರೆಸುವ ಚಿಂದಿ ಮಾಡಿದ್ದಾರಲ್ಲ ಎಂದು ನೆತ್ತಿಗೆ ಸಿಟ್ಟು ಏರಿತು. ಗಂಟು ಬಿಗಿಯಾಗಿತ್ತು. ಹಲ್ಲು ಹಚ್ಚಿ ಬಿಚ್ಚಿದೆ. ಹಲ್ಲು ಹಚ್ಚಿ ಬಿಚ್ಚುವ ಗಂಟನ್ನು ಯಾರಾದರೂ ಸುಮ್ಮಸುಮ್ಮನೆ ಹಾಕುತ್ತಾರೆಯೇ — ಅಷ್ಟೂ ತಲೆಗೆ ಹೋಗಲಿಲ್ಲ. ಕೇಳಬಹುದಿತ್ತು. ಗಂಗವ್ವ ಊರಿಗೆ ಹೋಗಿದ್ದಳು, ಸಂಜೆ ಬರುವವಳಿದ್ದಳು. ಕಾಯಬಹುದಿತ್ತು. ಸೀರೆಯ ವಿಷಯದಲ್ಲಿ ಇಳಕಲ್ಲಿನವಳಿಗೆ ಯಾರನ್ನು ಕೇಳುವುದಿದೆ ಎಂಬ ಸೊಕ್ಕು. ಸಾಬೂನು ಹಚ್ಚಿ ತೊಳೆದು, ಗಾಡಿಯೊಳಗೆ ಒಲೆಯ ಮೇಲಿನ ದಾರಕ್ಕೆ ಒಣಹಾಕಿದೆ.

ನಿಮ್ಮ ಕಾಲುವೆಯ ಪದ್ಧತಿ ನನಗೆ ಸಂಜೆ ತಿಳಿಯಿತು. ನೀರು ಯಾರ ಪಾಳಿಯೋ ಅವರ ಮನೆಯ ಬಟ್ಟೆಯನ್ನು ಗಾಲಿಗೆ ಕಟ್ಟಬೇಕು. ಬಟ್ಟೆ ಇರುವವರೆಗೆ ಇನ್ನೊಬ್ಬರು ಗಾಲಿ ಮುಟ್ಟುವಂತಿಲ್ಲ. ಪಾಳಿ ಮುಗಿದಾಗ ಕಟ್ಟಿದವರೇ ಬಂದು ಬಿಚ್ಚಿಕೊಳ್ಳಬೇಕು. ಗಾಲಿ ಖಾಲಿ ಎಂದರೆ ನೀರು ಮುಂದಿನವರದ್ದು. ಕಾವಲು ಇಲ್ಲ, ಕೀಲಿ ಇಲ್ಲ. ನಿಮ್ಮ ಅಪ್ಪಂದಿರ ಕಾಲದಿಂದ ಹಾಗೆಯೇ ನಡೆದಿತ್ತು. ಮತ್ತೊಬ್ಬರ ಬಟ್ಟೆ ಬಿಚ್ಚುವವನು ತಾಯಿಯ ಸೆರಗಿಗೆ ಕೈ ಹಾಕಿದವನಿಗೆ ಸಮ ಅಂತ ಆ ಸಂಜೆ ಅಲ್ಲಿ ಯಾರೋ ಅಂದರು.

ನೀವು ನಾಲ್ಕು ಗಂಟೆಗೆ ಬಂದಿರಿ. ಗಾಲಿ ಖಾಲಿ ನೋಡಿದಿರಿ. ಗಂಗವ್ವನದು ಬೇಗ ಮುಗಿಯಿತು ಅಂದುಕೊಂಡು ನಿಮ್ಮ ಹಸಿರು ಪಂಚೆಯ ಚೂರು ಕಟ್ಟಿ ನೀರು ತಿರುವಿದಿರಿ. ನಾನು ಗಾಡಿಯ ಕಿಟಕಿಯಿಂದ ನೋಡುತ್ತಿದ್ದೆ. ನೀವು ಕೈ ಎತ್ತಿ ನಮಸ್ಕಾರ ಮಾಡಿದಿರಿ. ನಾನೂ ಮಾಡಿದೆ.

ಸಂಜೆ ಗಂಗವ್ವನ ಕೂಗು. ಅವಳ ಗೋವಿನಜೋಳ ಕಾಳು ಕಟ್ಟುವ ಹೊತ್ತಾಗಿತ್ತು. ಅರ್ಧ ಹೊಲ ನೆನೆದಿರಲಿಲ್ಲ, ಮರುದಿನ ಬೆಳಿಗ್ಗೆ ಮೇಲಿನಿಂದ ಕಾಲುವೆಯೇ ಬಂದ್ ಆಗುವುದಿತ್ತು. ಆದರೆ ಅವಳು ಜೋಳದ ಮಾತು ಆಡಲಿಲ್ಲ. "ನಮ್ಮತ್ತಿ ಸೀರಿ ಅಣ್ಣಾ ಅದು. ನಿನಗ ಗುರುತು ಇರಲಿಲ್ಲೇನು? ನೀರು ಬೇಕಾಗಿದ್ರ ಕೇಳಬೇಕಿತ್ತು, ಕೊಡ್ತಿದ್ನಿ. ಬಿಚ್ಚಿ ಒಗದಿ?" ಅಂದಳು. ದಂಡೆಯ ಮೇಲೆ ಜನ ಕೂಡಿದರು. ನೀವು ಒಂದೇ ಮಾತು ಹೇಳುತ್ತಿದ್ದಿರಿ — "ನಾ ಬಂದಾಗ ಗಾಲಿ ಖಾಲಿ ಇತ್ತವ್ವಾ. ನನ್ನ ಮಕ್ಕಳಾಣಿ ಖಾಲಿ ಇತ್ತು." ಯಾರೋ ಹಿಂದಿನಿಂದ, ಗಾಳಿ ಬಿಚ್ಚಿಕೊಂಡು ಹೋತೇನು ಎಂದು ನಕ್ಕ. ಆಗ ನೀವು ನಮ್ಮ ಗಾಡಿಯ ಕಡೆ ತಿರುಗಿದಿರಿ. ನಿಮ್ಮ ಮುಖದಲ್ಲಿ ಎಂಥ ನಿರಾಳ! ಸಾಕ್ಷಿ ಸಿಕ್ಕಿತು ಅನ್ನುವ ನಿರಾಳ.

"ಅಕ್ಕಾರ, ನೀವು ಮುಂಜಾನಿಯಿಂದ ಇಲ್ಲೇ ಅದೀರಿ. ನೀವರ ಹೇಳ್ರಿ, ನಾ ಬಂದಾಗ ಬಟ್ಟಿ ಇತ್ತೇನ್ರಿ?"

ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿಕೊಂಡರಂತೆ. ನಾನು ಅದನ್ನೂ ಮಾಡಲಿಲ್ಲ. ಬಾಗಿಲಿಗೆ ಅಡ್ಡ ನಿಂತೆ, ಒಳಗಿನ ದಾರ ಕಾಣಬಾರದೆಂದು. ನನ್ನ ಬೆನ್ನಿಗೆ ಎರಡು ಮೊಳ ದೂರದಲ್ಲಿ ಆ ಸೆರಗು ತೂಗುತ್ತಿತ್ತು. ನಿಂತು ಹೇಳಿದೆ:

"ನಾವು ಊಟಕ್ಕ ಕುಂತಾಗ ಇತ್ತರಿ. ಆಮ್ಯಾಲ ನಾ ನೋಡಿಲ್ಲ."

ಮೊದಲನೆಯದು ಖರೆ. ಅದೇ ನನ್ನ ಹೊಲಸು ಜಾಣತನ. ಬರೀ ಸುಳ್ಳು ಹೇಳಿದ್ದರೆ ಯಾರಾದರೂ ಸಂಶಯ ಪಡುತ್ತಿದ್ದರೇನೋ. ಅರ್ಧ ಖರೆ ಬೆರೆಸಿದೆ, ಎಲ್ಲರಿಗೂ ಲೆಕ್ಕ ಸರಿ ಬಂತು. ಊಟದ ಹೊತ್ತಿಗೆ ಇತ್ತು, ನೀವು ಬಂದ ಮೇಲೆ ಇಲ್ಲ. ಗಂಗವ್ವ ನನ್ನ ಮುಖ ನೋಡಿ, ನಿಮ್ಮ ಮುಖ ನೋಡಿ, "ಸಾಲಿ ಕಲಿಸೂ ಅಕ್ಕಾರು ಸುಳ್ಳ ಹೇಳ್ತಾರೇನು?" ಅಂದಳು. ನೀವು ಗಾಲಿಯಿಂದ ನಿಮ್ಮ ಹಸಿರು ಚೂರು ಬಿಚ್ಚಿಕೊಂಡು, ನೀರನ್ನು ಅವಳ ಕಡೆ ತಿರುವಿ, ಸಲಿಕೆ ಅಲ್ಲೇ ಮರೆತು ಹೋದಿರಿ.

ಯಾಕೆ ಹೇಳಿದೆ? ಒಂದು ಚಿಂದಿ ಕದ್ದ ಟೀಚರ್ ಅನ್ನಿಸಿಕೊಳ್ಳಬಾರದು ಅಂತ. ಅಷ್ಟೇ. ಇದಕ್ಕಿಂತ ದೊಡ್ಡ ಕಾರಣ ಹುಡುಕಿ ನೋಡಿದ್ದೇನೆ, ಸಿಕ್ಕಿಲ್ಲ. ಗೊತ್ತಿಲ್ಲದೆ ಬಿಚ್ಚಿದೆ ಎಂದಿದ್ದರೆ ಗಂಗವ್ವ ನಾಲ್ಕು ಬೈಗುಳ ಬೈದು, ಬಹುಶಃ ನಕ್ಕು, ಮತ್ತೆರಡು ರೊಟ್ಟಿ ಕೊಡುತ್ತಿದ್ದಳು.

ನಮ್ಮವರು ಒಳಗೇ ಇದ್ದರು. ಎಲ್ಲ ಕೇಳಿಸಿಕೊಂಡಿದ್ದರು. ಮರುದಿನ ಬೆಳಿಗ್ಗೆ, ಇನ್ನೂ ಒಂದು ದಿನ ರಜೆ ಇದ್ದರೂ, ನಾನೇ ಹೊರಡಿಸಿದೆ. ಕುಳಗೇರಿ ಕ್ರಾಸಿನಲ್ಲಿ ಅವರು ಗಾಡಿ ನಿಲ್ಲಿಸಿದರು.

"ಹೊಳ್ಳಿ ಹೋಗೂಣು ಶಾಂತಾ. ಈಗ ಹೋದ್ರ ಹತ್ತು ನಿಮಿಷದ ಮಾತು."

"ನೀವು ಗಾಡಿ ತಿರುಗಿಸಿದ್ರ ನಾ ಇಲ್ಲೇ ಇಳದು ಬಸ್ಸು ಹಿಡೀತೇನಿ," ಅಂದೆ.

ಅವರು ಗೇರು ಹಾಕಿದರು. ಬಾಗಲಕೋಟೆಯ ಕಡೆಗೇ ಬಿಟ್ಟರು. ಆವತ್ತಿನಿಂದ ಆ ಗಾಡಿ ನಮ್ಮ ಮನೆಯ ಬದಿಯಲ್ಲಿ ನಿಂತಿದೆ. ಅವರು ಮಾರಲಿಲ್ಲ, ಹತ್ತು ಅಂತಲೂ ನನ್ನನ್ನು ಕರೆಯಲಿಲ್ಲ. ತಿಂಗಳಿಗೊಮ್ಮೆ ಇಂಜಿನ್ ಚಾಲು ಮಾಡಿ, ಕೇಳಿಸಿಕೊಂಡು, ಬಂದ್ ಮಾಡುತ್ತಾರೆ. ಎಷ್ಟು ವರ್ಷ ನಾನು ಅವರ ಮೇಲೆ ಉರಿದುಬಿದ್ದೆ! ಚಹಾ ತಣ್ಣಗಾದರೆ, ಟವೆಲ್ಲು ಮಂಚದ ಮೇಲಿದ್ದರೆ. ಅತ್ತೆ ಮೇಲಿನ ಸಿಟ್ಟು ಕೊತ್ತಿ ಮೇಲೆ. ಗಂಡಸಾಗಿ ನನ್ನ ಮಾತು ಮೀರಿ ಆವತ್ತು ಗಾಡಿ ತಿರುಗಿಸಲಿಲ್ಲವಲ್ಲ ಎಂದು ಒಳಗೊಳಗೇ ಅವರನ್ನೇ ತಪ್ಪುಗಾರ ಮಾಡಿದೆ. ತಿರುಗಿಸಿದ್ದರೆ ಜನ್ಮದಲ್ಲಿ ಕ್ಷಮಿಸುತ್ತಿರಲಿಲ್ಲ. ಎರಡೂ ಗೊತ್ತಿತ್ತು ನನಗೆ.

ಹೋದ ತಿಂಗಳು ನರಗುಂದಕ್ಕೆ ಒಂದು ಮದುವೆಗೆ ಹೊರಟಾಗ ಬಸ್ಸು ಕುಳಗೇರಿ ಕ್ರಾಸಿನಲ್ಲಿ ಕೆಟ್ಟು ನಿಂತಿತು. ಚಹಾದಂಗಡಿಯವನನ್ನು, ಯಾರೋ ಎಂಬಂತೆ ಕೇಳಿದೆ — ಈ ಕಡೆ ತೂಬಿಗೆ ಬಟ್ಟೆ ಕಟ್ಟುತ್ತಿದ್ದರಂತಲ್ಲ?

"ಅದೆಲ್ಲಾ ಬಿಟ್ಟಾರ್ರಿ ಅಕ್ಕಾರ. ಒಬ್ಬ ಹಿರ್ಯಾ, ಅಂಥಾಂವನ ಬಿಚ್ಚಿದ ಮ್ಯಾಲ ಯಾರ್ನ ನಂಬೂದ್ರಿ? ಈಗ ಸರಪಳಿ ಹಾಕಿ ಕೀಲಿ ಜಡದಾರ. ಎಲ್ಲಾರ ಪಾಳಿನೂ ಅಂವನ ಹೇಳ್ತಿದ್ದ ರೀ, ನಬೀಸಾಬ. ಅಂವ ಹೇಳಿದ್ರ ಮುಗೀತು. ಈಗ ಕಾಲುವಿ ಕಡೆ ಬರೂದ ಬಿಟ್ಟಾನ, ಮಗನ ಬರ್ತಾನ. ಮಗಳ ಲಗ್ನದಾಗ ಗಂಗವ್ವನ ಮನಿ ಮಂದಿ ಒಬ್ರೂ ಬರಲಿಲ್ಲಂತ, ಅಂವ ಊಟಾನೂ ಮಾಡಲಿಲ್ಲಂತ."

ಚಹಾ ಕುಡಿದು ಕಪ್ಪು ಇಟ್ಟೆ. ಬಸ್ಸು ರಿಪೇರಿ ಆಯಿತು. ಹತ್ತಿ ಮದುವೆಗೆ ಹೋದೆ — ಹೋದೆನಲ್ಲ, ಹೋಳಿಗೆ ಉಂಡೆನಲ್ಲ! ಆ ಸಿಟ್ಟಿಗೇ ಇದನ್ನು ಬರೆಯಲು ಕೂತದ್ದು. ನಿಮ್ಮ ಮಗಳ ಮದುವೆಯಲ್ಲಿ ನೀವು ಉಪವಾಸ ಕೂತಿರಿ, ನಾನು ಎಲ್ಲರ ಮದುವೆಯಲ್ಲೂ ಉಂಡೆ.

ನಬೀಸಾಬರೆ, ಕ್ಷಮಿಸಿ ಎಂದು ಬರೆಯುವುದಿಲ್ಲ. ನೀವು ದೊಡ್ಡ ಮನುಷ್ಯರು, ಕ್ಷಮಿಸಿಯೂಬಿಡುತ್ತೀರಿ. ಅದು ನನಗೆ ಬೇಡ. ನಿಮ್ಮ ಮನೆಗೂ ಬರುವುದಿಲ್ಲ. ನಿಮ್ಮ ಮನೆಯೊಳಗೆ ಕೂತು ಗುಟ್ಟಾಗಿ ಅತ್ತು ಬಂದರೆ ನನ್ನ ಎದೆ ಹಗುರಾದೀತು, ನಿಮ್ಮ ಹೆಸರು ಹಾಗೇ ಉಳಿಯುತ್ತದೆ. ಸುಳ್ಳು ಹೇಳಿದ್ದು ದಂಡೆಯ ಮೇಲೆ, ಎಲ್ಲರ ಮುಂದೆ.

ಆ ತುಂಡು ನನ್ನ ಟ್ರಂಕಿನಲ್ಲಿತ್ತು, ಅವ್ವನ ಸೀರೆಯ ಮಡಿಕೆಯೊಳಗೆ. ನಿನ್ನೆ ತೆಗೆದೆ. ಕೊಂಡಿ ಈಗಲೂ ಒಂದೂ ಬಿಟ್ಟಿಲ್ಲ. ನಮ್ಮವರಿಗೆ ತೋರಿಸಿ, "ಗಾಡಿ ತಗೀರಿ" ಅಂದೆ. ಅವರು ಟಾಕಿಗೆ ನೀರು ತುಂಬಿಸಲು ಹೋದರು.

ಈ ಸಲ ಕಾಲುವೆಗೆ ನೀರು ಬಿಟ್ಟ ದಿನ, ಪಾಳಿ ಹಂಚಲು ಎಲ್ಲರೂ ತೂಬಿನ ಹತ್ತಿರ ಕೂಡುವ ಹೊತ್ತಿಗೆ ಬರುತ್ತೇನೆ. ನೀವು ಕಾಲುವೆಗೆ ಬರುವುದನ್ನು ಬಿಟ್ಟಿದ್ದೀರಂತೆ, ಆವತ್ತು ಒಂದು ದಿನ ಬನ್ನಿ. ಬಿಚ್ಚಿದವಳು ನಾನೆಂದು ದೂರ ನಿಂತರೂ ಕೇಳಿಸುವ ಹಾಗೆ ಹೇಳುತ್ತೇನೆ, ನಲವತ್ತು ಮಕ್ಕಳ ಕ್ಲಾಸಿನ ದನಿ ಇನ್ನೂ ಇದೆ. ಸರಪಳಿಯ ಮೇಲೆಯೇ ಆ ಸೆರಗು ಕಟ್ಟಿ, ಗಂಗವ್ವನ ಕಡೆ ತಿರುಗಿ ಹೇಳುತ್ತೇನೆ:

"ನಬೀಸಾಬ ಬಂದಾಗ ಗಾಲಿ ಖಾಲಿ ಇತ್ತವ್ವಾ. ನಾ ನೋಡೇನಿ."