ಲ್ಯಾಬಿನ ಹಿಂದಿನ ಸುಣ್ಣದ ಗುಂಡಿ

ಕಳೆದ ತಿಂಗಳು ನಾನೀಗ ಕೆಲಸ ಮಾಡುವ ಕಾಲೇಜಿನ ಹಳೆಯ ಸ್ಟೋರ್ ರೂಮನ್ನು ಖಾಲಿ ಮಾಡಿಸುತ್ತಿದ್ದೆವು. ಮುರುಕು ಸ್ಟೂಲುಗಳ ಹಿಂದೆ ಗಾಜಿನ ಪಾತ್ರೆಯೊಂದು ಸಿಕ್ಕಿತು. ಒಂದರ ಮೇಲೊಂದು ಕೂತ ಮೂರು ಬುರುಡೆಗಳಂಥ ಆ ಪಾತ್ರೆಯಲ್ಲಿ ಹಿಂದೆ ಲವಣ ಪರೀಕ್ಷೆಗೆ ಬೇಕಾದ ಗ್ಯಾಸು ತಯಾರಿಸುತ್ತಿದ್ದರು. ಬಿರಡೆ ತೆಗೆದದ್ದೇ ತಡ, ಕೊಳೆತ ಮೊಟ್ಟೆಯ ವಾಸನೆ ಮೂಗಿಗೆ ಬಡಿಯಿತು. ಜೊತೆಗಿದ್ದ ಅಟೆಂಡರು ಮುಖ ಮುಚ್ಚಿಕೊಂಡು ಹೊರಗೆ ಹೋದರು. ನಾನು ಅಲ್ಲೇ ನಿಂತಿದ್ದೆ. ಆ ವಾಸನೆಯ ಬೆನ್ನಿಗೇ ನಮ್ಮ ಕೆಮಿಸ್ಟ್ರಿ ಮೇಡಂ ನೆನಪಾದರು...

ಆಗ ನಾನು ಹೊಸದುರ್ಗದಲ್ಲಿ ಬಿ.ಎಸ್ಸಿ. ಓದುತ್ತಿದ್ದೆ. ತೊಂಬತ್ತರ ದಶಕ ಮುಗಿಯುತ್ತಿದ್ದ ಕಾಲ. ಕಾಲೇಜು ಊರಂಚಿಗಿತ್ತು, ಹಿಂದಿನ ಬೇಲಿ ದಾಟಿದರೆ ತೆಂಗಿನ ತೋಟ. ಮೇಡಂ ಬಿ.ದುರ್ಗದವರು, ದಿನಾ ಬಸ್ಸಿನಲ್ಲಿ ಬರುತ್ತಿದ್ದರು. ಅವರ ಹತ್ತಿ ಸೀರೆಗಳಲ್ಲಿ ಆಸಿಡ್ ಸಿಡಿದು ಆದ ಸಣ್ಣ ಸಣ್ಣ ತೂತುಗಳಿದ್ದವು. ಅದನ್ನು ನಾವು ಗಮನಿಸಿದ್ದು ಗೊತ್ತಾದರೆ ಸೆರಗು ಸರಿಮಾಡಿಕೊಳ್ಳದೆ, "ಕೆಮಿಸ್ಟ್ರಿ ಓದಿದ್ರೆ ರೇಷ್ಮೆ ಸೀರೆ ಉಡಂಗಿಲ್ಲ ಕಣ್ರವ್ವ" ಎಂದು ನಗುತ್ತಿದ್ದರು. ಪಾಠದಲ್ಲಿ ಕಟ್ಟುನಿಟ್ಟು. ಪ್ರಾಕ್ಟಿಕಲ್ ಮುಗಿದ ಮೇಲೆ ಪ್ರನಾಳಗಳನ್ನು ಸಿಂಕಿಗೆ ಬಗ್ಗಿಸಿ, ಚೆನ್ನಾಗಿ ತೊಳೆದು, ಬೋರಲು ಹಾಕಿಯೇ ಹೋಗಬೇಕು. ಹಾಗೆಯೇ ಮಾಡುತ್ತಿದ್ದೆವು. ನೀಲಿ, ಹಳದಿ, ಕಪ್ಪು, ಎಲ್ಲ ಬಣ್ಣವೂ ಸಿಂಕಿನೊಳಗೆ ಇಳಿದು ಮಾಯವಾಗುತ್ತಿತ್ತು.

ಒಂದು ಬೆಳಿಗ್ಗೆ ಹಿಂದಿನ ತೋಟದ ಯಜಮಾನರು ಲ್ಯಾಬಿನ ಬಾಗಿಲಿಗೆ ಬಂದರು. ಚಪ್ಪಲಿ ಹೊರಗೆ ಬಿಟ್ಟು, ಒಳಗೆ ಬರಲೋ ಬೇಡವೋ ಎಂಬಂತೆ ನಿಂತಿದ್ದರು.

"ಮೇಡಮ್ಮಾರೇ, ನಿಮ್ಮ ನೀರು ನಮ್ಮ ತೋಟಕ್ಕೆ ಬರ್ತೈತೆ. ಬದುವಿನ ಸಸಿಗಳು ಒಣಗ್ತಾ ಅವೆ. ಎಮ್ಮೆ ಆ ನೀರಿಗೆ ಬಾಯಿ ಹಾಕಂಗಿಲ್ಲ. ಒಂದ್ಸಲ ಬಂದು ನೋಡ್ರಿ."

ಬರೆಯುತ್ತಿದ್ದ ಬೋರ್ಡನ್ನು ಅಷ್ಟಕ್ಕೇ ಬಿಟ್ಟು ಮೇಡಂ ಹೊರಟರು. "ನೀವೂ ಬರ್ರಿ, ಹೋಗಾಣ" ಎಂದು ನಮ್ಮನ್ನೂ ಕರೆದರು. ಸಿಂಕಿನ ಪೈಪು ಗೋಡೆಯಾಚೆ ಒಂದು ಮಣ್ಣಿನ ಕಾಲುವೆಗೆ ಇಳಿದಿತ್ತು. ಕಾಲುವೆ ಬೇಲಿಯ ಬುಡದಲ್ಲಿ ನುಸುಳಿ ನೇರ ತೋಟಕ್ಕೆ ಹೋಗಿತ್ತು. ಕಲ್ಲುಗಳ ಮೇಲೆ ಮೈಲುತುತ್ತದ ನೀಲಿ ಕಲೆ. ಬದುವಿನುದ್ದಕ್ಕೂ ಎಳೆಯ ತೆಂಗಿನ ಸಸಿಗಳು ಗರಿ ಸುಟ್ಟುಕೊಂಡು ನಿಂತಿದ್ದವು. ನಮ್ಮಲ್ಲೊಬ್ಬ ಲಿಟ್ಮಸ್ ಕಾಗದ ತಂದು ಆ ನೀರಿಗೆ ಅದ್ದಿದ, ಕೆಂಪಾಯಿತು.

ಮೇಡಂ ಆ ಕಾಗದವನ್ನು ಕೈಗೆ ತೆಗೆದುಕೊಂಡು ನೋಡಿದರು. ಆಮೇಲೆ ತೋಟದ ಯಜಮಾನರ ಕಡೆ ತಿರುಗಿ, "ಸಿಂಕಿಗೆ ಸುರೀರಿ ಅಂತ ಇಷ್ಟು ವರ್ಷ ಹೇಳಿಕೊಟ್ಟೋಳು ನಾನೇ ಕಣಣ್ಣ. ಸರಿ ಮಾಡ್ತೀವಿ" ಎಂದರು. ನಮ್ಮೆಲ್ಲರ ಮುಂದೆ ಹಾಗೆ ಹೇಳಿದ್ದು ಆ ವಯಸ್ಸಿನಲ್ಲಿ ನಮಗೆ ದೊಡ್ಡ ಆಶ್ಚರ್ಯ. ಮೇಷ್ಟ್ರುಗಳು ತಪ್ಪು ಮಾಡುತ್ತಾರೆ ಎಂಬುದೇ ನಮಗೆ ಗೊತ್ತಿರಲಿಲ್ಲ...

ಅದೇ ವರ್ಷ ಕಾಲೇಜಿನ ಗುಣಮಟ್ಟ ನೋಡಲು ಹೊರಗಿನಿಂದ ಒಂದು ತಂಡ ಬರುವುದಿತ್ತು. ಕಾಲೇಜಿಗೊಂದು ಪರಿಸರ ನೀತಿ ಇರಬೇಕು ಎಂದು ಪ್ರಿನ್ಸಿಪಾಲರು ಸಮಿತಿ ಮಾಡಿ, ಬರೆಯುವ ಕೆಲಸವನ್ನು ಮೇಡಂಗೆ ವಹಿಸಿದರು. ವಿದ್ಯಾರ್ಥಿಗಳ ಪರವಾಗಿ ನನ್ನನ್ನು ಸೇರಿಸಿಕೊಂಡಿದ್ದರಿಂದ ಆ ಸಭೆಯಲ್ಲಿ ನಾನೂ ಒಂದು ಮೂಲೆಯಲ್ಲಿ ಕೂತಿದ್ದೆ. ಪ್ರಿನ್ಸಿಪಾಲರು ಕೆಟ್ಟವರಲ್ಲ. ಒಳ್ಳೆಯ ಗ್ರೇಡು ಬಂದರೆ ಲೈಬ್ರರಿಗೊಂದು ಸ್ವಂತ ಕಟ್ಟಡ ಸಿಗುತ್ತದೆಂಬ ಆಸೆ ಅವರದು. ಮುಂದುಗಡೆ ಹುಲ್ಲುಹಾಸು, ದಾರಿಯುದ್ದಕ್ಕೂ ಹೂವಿನ ಕುಂಡ, ಹಿಂದಿನ ಕಾಲುವೆಗೆ ಸಿಮೆಂಟು ಚಪ್ಪಡಿ ಎಂದು ಅವರು ಹೇಳುತ್ತಾ ಹೋದರು.

ಮೇಡಂ ತಾವು ಬರೆದು ತಂದಿದ್ದರ ಮೊದಲ ಸಾಲು ಓದಿದರು. ಇಲ್ಲಿ ಓದುವ ಪ್ರತಿಯೊಬ್ಬರೂ ತಾವು ಬಳಸುವ ನೀರು ಎಲ್ಲಿಂದ ಬರುತ್ತದೆ, ಚೆಲ್ಲಿದ್ದು ಎಲ್ಲಿಗೆ ಹೋಗುತ್ತದೆ ಎಂಬುದನ್ನು ಕಲಿತೇ ಹೋಗಬೇಕು, ಎಂದಿತ್ತು ಅದು.

"ಕಲಿಯೋದು ಸಿಲಬಸ್ಸಿಗೆ ಸೇರಿದ್ದು ಮೇಡಂ," ಎಂದರು ಪ್ರಿನ್ಸಿಪಾಲರು. "ನೀತಿ ಅಂದ್ರೆ ಕಟ್ಟಡ, ಗಿಡ, ನೀರು, ಕರೆಂಟು. ಎರಡನ್ನೂ ಕಲಸಬೇಡಿ."

"ಸರ್, ಗಿಡ, ನೀರು, ಕರೆಂಟು ತಾಲ್ಲೂಕು ಆಫೀಸಲ್ಲೂ ಅವೆ. ಹುಡುಗ್ರು ಏನೂ ಕಲೀಲಿಲ್ಲ ಅಂದ್ರೆ ಇದು ಕಾಲೇಜಿನ ನೀತಿ ಹೆಂಗಾಗ್ತೈತೆ? ಚಪ್ಪಡಿ ಹಾಕಿದ್ರೆ ಕಾಲುವೆ ಕಾಣಂಗಿಲ್ಲ, ಅಷ್ಟೇ. ನೀರು ಅಲ್ಲಿಗೇ ಹೋಗ್ತೈತೆ."

ಚಹಾ ಬಂತು. ಸಭೆ ಮುಗಿಯಿತು.

ಮೇಡಂ ಯಾರ ಒಪ್ಪಿಗೆಗೂ ಕಾಯಲಿಲ್ಲ. ಪ್ರನಾಳದ ತುಂಬ ಮಾಡುತ್ತಿದ್ದ ಪರೀಕ್ಷೆಗಳನ್ನು ಹನಿಗಳಲ್ಲಿ ಮಾಡುವುದನ್ನು ನಮಗೆ ಕಲಿಸಿದರು. ಉಳಿದದ್ದನ್ನು ಸಿಂಕಿಗೆ ಸುರಿಯದೆ ಬಕೆಟ್ಟಿನಲ್ಲಿ ಕೂಡಿಡಬೇಕು. ಲ್ಯಾಬಿನ ಹಿಂದೆ ನಾವೇ ಗುಂಡಿ ತೋಡಿ, ಕಲ್ಲು ಕಟ್ಟಿ, ಗಾರೆ ಮೆತ್ತಿದೆವು. ಬಕೆಟ್ಟಿನ ನೀರು ಅದಕ್ಕೆ ಸುರಿದು ಸುಣ್ಣ ಕಲಸಿದರೆ ಆಸಿಡ್ಡಿನ ಹುಳಿ ಸಾಯುತ್ತಿತ್ತು. ನೀಲಿ ಬಣ್ಣವೆಲ್ಲ ಕೆಸರಾಗಿ ತಳಕ್ಕೆ ಕೂರುತ್ತಿತ್ತು. ಆ ಕೆಸರನ್ನು ಬಳಿದು ಡ್ರಮ್ಮಿಗೆ ತುಂಬಿಡುತ್ತಿದ್ದೆವು. ಪುಸ್ತಕದಲ್ಲಿ ಉರು ಹೊಡೆದಿದ್ದ ಸಮೀಕರಣಗಳು ಕಣ್ಣೆದುರಿಗೆ ನಡೆಯುತ್ತಿದ್ದವು. ಆಸಿಡ್ಡು, ಕ್ಷಾರ ಎಂದರೇನೆಂದು ನನಗೆ ನಿಜಕ್ಕೂ ತಿಳಿದದ್ದು ಆ ಗುಂಡಿಯ ಪಕ್ಕ ಕುಕ್ಕರಗಾಲಲ್ಲಿ ಕೂತಾಗ.

ಎಲ್ಲರಿಗೂ ಇದು ಹಿಡಿಸಲಿಲ್ಲ. ಪರೀಕ್ಷೆ ಹತ್ತಿರವಿತ್ತು. ಯೂನಿವರ್ಸಿಟಿಯಿಂದ ಬರುವ ಎಕ್ಸಾಮಿನರ್ ಹಳೆಯ ಕ್ರಮವನ್ನೇ ಕೇಳಿದರೆ ಗತಿಯೇನು? ನಮ್ಮ ಬ್ಯಾಚಿನ ಒಬ್ಬ ಹುಡುಗ, ಹಿರಿಯೂರಿನವನು, ಧೈರ್ಯ ಮಾಡಿ ಕೇಳಿಯೇ ಬಿಟ್ಟ. "ಮೇಡಂ, ಗುಂಡಿ ತೋಡಾಕೆ ಮಾರ್ಕ್ಸ್ ಕೊಡಲ್ಲ. ಫೇಲಾದ್ರೆ ನಮ್ಮನೇಲಿ ಯಾರು ಉತ್ತರ ಹೇಳ್ತಾರೆ?"

ಮೇಡಂ ಬೈಯಲಿಲ್ಲ. "ನೀನು ಹೇಳೋದೂ ಖರೆ ಐತೆ ಕಣಪ್ಪ," ಎಂದರು. ಅಂದಿನಿಂದ ಬೆಳಿಗ್ಗೆ ಮೊದಲನೇ ಬಸ್ಸಿಗೇ ಬಂದು, ಬೇಕಾದವರಿಗೆ ಹಳೆಯ ಕ್ರಮವನ್ನೂ ಮಾಡಿಸತೊಡಗಿದರು. ಮನೆಯಲ್ಲಿ ಹಾಸಿಗೆ ಹಿಡಿದ ಅತ್ತೆ ಇದ್ದರೆಂದು ನಮಗೆ ತಿಳಿದದ್ದು ಬಹಳ ತಡವಾಗಿ... ಆ ದಿನಗಳಲ್ಲಿ ಅವರು ಯಾವಾಗ ನಿದ್ದೆ ಮಾಡುತ್ತಿದ್ದರೋ.

ತಂಡ ಬಂದ ದಿನ ಹುಲ್ಲುಹಾಸು ಹಸಿರಾಗಿತ್ತು. ಕುಂಡಗಳು ಸಾಲಾಗಿ ನಿಂತಿದ್ದವು. ಲ್ಯಾಬಿನ ಹಿಂಬಾಗಿಲಿಗೆ ಒಂದು ಬೀರು ಅಡ್ಡ ಇಟ್ಟಿದ್ದರು. ಯಾರು ಇಡಿಸಿದರೆಂದು ಯಾರೂ ಕೇಳಲಿಲ್ಲ. ತಂಡದಲ್ಲಿದ್ದ ವಯಸ್ಸಾದ ಪ್ರೊಫೆಸರೊಬ್ಬರು ಎಲ್ಲ ನೋಡಿ, ನಮ್ಮ ಕಡೆ ತಿರುಗಿ, "ಈ ಪರಿಸರ ನೀತಿಯಿಂದ ನೀವೇನು ಕಲಿತಿರಿ?" ಎಂದು ಕೇಳಿದರು.

ಪ್ರಿನ್ಸಿಪಾಲರು ನೆಲ ನೋಡುತ್ತಿದ್ದರು. ಮೇಡಂ ಕಿಟಕಿಯಾಚೆ ನೋಡುತ್ತಿದ್ದರು. ನಮಗೆ ಒಂದು ಸನ್ನೆಯನ್ನೂ ಮಾಡಲಿಲ್ಲ. ಆಗ ಮುಂದೆ ಬಂದವನು ಹಿರಿಯೂರಿನ ಆ ಹುಡುಗನೇ.

"ಸರ್, ಹಿಂದ್ಗಡೆ ಬರ್ರಿ, ತೋರಿಸ್ತೀವಿ" ಎಂದವನೇ ಬೀರುವಿಗೆ ಹೆಗಲು ಕೊಟ್ಟ. ನಾವೂ ಕೈ ಹಾಕಿದೆವು.

ಗುಂಡಿಯ ಪಕ್ಕ ನಿಂತು ಅವನು ಎಲ್ಲವನ್ನೂ ಹೇಳಿದ. ಸಸಿಗಳು ಸುಟ್ಟದ್ದನ್ನೂ ಮುಚ್ಚಿಡಲಿಲ್ಲ. ಪ್ರೊಫೆಸರು ಪಂಚೆಯಂಚು ಎತ್ತಿಕೊಂಡು ಬಗ್ಗಿ ನೋಡಿದರು, ಅವನನ್ನು ಮತ್ತೆ ಮತ್ತೆ ಕೇಳಿದರು. ಸುಣ್ಣ ಹೆಚ್ಚಾದರೆ ಏನಾಗುತ್ತದೆ ಎಂದಾಗ, "ಗೊತ್ತಿಲ್ಲ ಸರ್, ಮಾಡಿ ನೋಡ್ಬೇಕು" ಎಂದ. ಆಗ ಮಾತ್ರ ಮೇಡಂ ಮುಖದಲ್ಲಿ ಒಂದು ನಗು ಸುಳಿದು ಹೋಯಿತು.

ಆಮೇಲೆ ಬಂದ ವರದಿಯಲ್ಲಿ ಹುಲ್ಲುಹಾಸಿನ ಹೊಗಳಿಕೆ ಇತ್ತು. ಗುಂಡಿಯ ವಿಷಯ ಎಲ್ಲೋ ಒಂದು ಕಡೆ, ಅರ್ಧ ವಾಕ್ಯ. ಅಚ್ಚಾದ ನೀತಿಯಲ್ಲಿ ಮೇಡಂ ಬರೆದಿದ್ದ ಮೊದಲ ಸಾಲು ಇರಲಿಲ್ಲ. ಲೈಬ್ರರಿಗೆ ಕಟ್ಟಡ ಬಂತು. ಪರೀಕ್ಷೆಯಲ್ಲಿ ನಾವೆಲ್ಲ ಪಾಸಾದೆವು. ತೋಟದ ಯಜಮಾನರು ಒಂದು ದಿನ ಬೇಲಿಯ ಮೇಲಿಂದ ಎಳನೀರು ಇಳಿಸಿ, "ಹುಡುಗ್ರಿಗೆ ಕೊಡ್ರಿ" ಎಂದು ಹೇಳಿ ಹೋದರು. ಮುಂದಿನ ವರ್ಷ ಮೇಡಂಗೆ ಬೇರೆ ತಾಲ್ಲೂಕಿಗೆ ವರ್ಗವಾಯಿತು. ಅವರು ಹೋದ ಮೇಲೆ ಗುಂಡಿಯನ್ನು ಮುಚ್ಚಿ ಸೈಕಲ್ ಸ್ಟ್ಯಾಂಡು ಮಾಡಿದರೆಂದು ಕಿರಿಯರು ಹೇಳಿದರು.

ನನಗೆ ಉಪನ್ಯಾಸಕಿಯ ಕೆಲಸ ಸಿಕ್ಕಾಗ ಬಿ.ದುರ್ಗಕ್ಕೆ ಹೋಗಿದ್ದೆ. ಮೇಡಂ ನಿವೃತ್ತರಾಗಿದ್ದರು, ತುಸು ಬಡಕಲಾಗಿದ್ದರು. ಗುಂಡಿ ಮುಚ್ಚಿದ ಸಂಗತಿ ಹೇಳಲೋ ಬೇಡವೋ ಎಂದು ತೊಳಲಾಡಿ ಕೊನೆಗೆ ಹೇಳಿದೆ. "ಮುಚ್ಚಲಿ ಬಿಡವ್ವ. ನಿಮಗೆ ಗೊತ್ತೈತಲ್ಲ, ಅಷ್ಟು ಸಾಕು" ಎಂದು ನನ್ನ ತಟ್ಟೆಗೆ ಇನ್ನೊಂದು ರೊಟ್ಟಿ ಹಾಕಿದರು. ಅದೇ ಕೊನೆಯ ಭೇಟಿ. ಅವರು ತೀರಿಕೊಂಡ ಸುದ್ದಿ ಹಿರಿಯೂರಿನ ಬಸ್ ಸ್ಟ್ಯಾಂಡಿನಲ್ಲಿ ಸಿಕ್ಕ ಹಳೆಯ ಸಹಪಾಠಿಯಿಂದ ತಿಳಿಯಿತು. ಅಷ್ಟರಲ್ಲಿ ಕಾರ್ಯಗಳೆಲ್ಲ ಮುಗಿದುಹೋಗಿದ್ದವು...

ಈಗ ನಾನು ಪಾಠ ಮಾಡುವ ಕಾಲೇಜಿನಲ್ಲೂ ಸುಸ್ಥಿರತಾ ನೀತಿಯ ಕರಡು ಸಿದ್ಧವಾಗಿದೆ. ಸೋಲಾರ್ ಫಲಕ, ಮಳೆನೀರು ಕೊಯ್ಲು, ಎಲ್ಇಡಿ ದೀಪ, ಎಲ್ಲವೂ ಇದ್ದವು. ವಿದ್ಯಾರ್ಥಿ ಎಂಬ ಪದವೇ ಇರಲಿಲ್ಲ. ಮೊನ್ನೆಯ ಸಭೆಯಲ್ಲಿ ಎದ್ದು, ಇದರಲ್ಲಿ ಮಕ್ಕಳು ಕಲಿಯುವುದೇನು ಎಂದು ಕೇಳಿದೆ. ಸ್ವಲ್ಪ ವಾದವಾಯಿತು. ಕೊನೆಗೆ ಒಂದು ಇಡೀ ಪುಟ ಸೇರಿಸಲು ಒಪ್ಪಿದರು. ಬರೆಯುವ ಹೊಣೆ ನನಗೇ ಬಂತು.

ಗೆದ್ದ ಉತ್ಸಾಹದಲ್ಲಿ ಹೊರಗೆ ಬಂದವಳು ಯಾರಿಗಾದರೂ ಹೇಳಬೇಕೆಂದು ಫೋನು ಕೈಗೆತ್ತಿಕೊಂಡೆ. ಹೇಳಬೇಕಾದವರು ಇರಲಿಲ್ಲ. ಇದ್ದಿದ್ದರೆ ಶಹಬ್ಬಾಸ್ ಅನ್ನುತ್ತಿರಲಿಲ್ಲ, ಅದು ನನಗೆ ಗೊತ್ತು. "ಹುಡುಗ್ರು ಏನಂದ್ರು?" ಎಂದು ಮೊದಲು ಕೇಳುತ್ತಿದ್ದರು.

ಹುಡುಗರನ್ನು ನಾವಿನ್ನೂ ಯಾರೂ ಕೇಳಿರಲಿಲ್ಲ.