ಶುಕ್ರವಾರದ ಸಾಸೇಜು

ಕತಾರಿನಲ್ಲಿ ಶುಕ್ರವಾರವೇ ನಮಗೆ ಭಾನುವಾರ. ಚರ್ಚಿನ ಪೂಜೆಯೂ ಅಂದೇ, ನೆಂಟರೂ ಅಂದೇ, ಬಿರಿಯಾನಿಯೂ ಅಂದೇ. ಮೆಸಯೀದಿನ ಪ್ಲಾಂಟಿನಲ್ಲಿ ಕೆಲಸಕ್ಕಿದ್ದ ನನ್ನ ಗಂಡ ಹಗಲು ಹೊತ್ತು ಮನೆಯಲ್ಲಿ ಕಾಣಸಿಗುತ್ತಿದ್ದುದೂ ಅಂದೇ. ಊರಿನ ನಮ್ಮ ಕ್ರೈಸ್ತ ಮನೆಗಳಲ್ಲಿ ಮಾತ್ರ ಕೆಲವು ಹಳಬರು, ಯೇಸು ಶಿಲುಬೆಗೇರಿದ ದಿನವೆಂದು, ಶುಕ್ರವಾರ ಮಾಂಸ ಮುಟ್ಟುವುದಿಲ್ಲ, ಮೀನಾದರೆ ಆದೀತು.

ಮಗಳು ಹುಟ್ಟಿದಾಗ ತೂಕ ಸಾಲದೆ ಗಾಜಿನ ಪೆಟ್ಟಿಗೆಯಲ್ಲಿದ್ದಳು. ಉಡುಪಿ ಕಡೆಯ ನನ್ನ ಅತ್ತೆ, ನಾವಿಬ್ಬರೂ ಮಾಂಯ್ ಎಂದು ಕರೆಯುವವರು, ಫೋನಿನಲ್ಲೇ ಹರಕೆ ಹೇಳಿಕೊಂಡರು: ಮಗು ಉಳಿದರೆ ಇಡೀ ಮನೆಯವರು ಶುಕ್ರವಾರ ಮಾಂಸ ಬಿಡುವುದು. ಗಂಡ "ಆಯ್ತು ಮಾಂಯ್" ಎಂದರು. ಮಗಳು ಉಳಿದಳು. ಮಾಂಯ್ ಬಿಟ್ಟರು. ನಾವೂ ಸ್ವಲ್ಪ ಕಾಲ ಬಿಟ್ಟೆವು. ಆಮೇಲೆ ಯಾರೋ ಊಟಕ್ಕೆ ಬಂದರು, ಮುಂದಿನ ವಾರ ಇನ್ನಾರೋ, ಬಿರಿಯಾನಿ ಮತ್ತೆ ಶುರುವಾಯಿತು.

ಮಗಳು ಎರಡನೇ ಕ್ಲಾಸಿನಲ್ಲಿದ್ದಾಗ ಮಾಂಯ್ ಮೊದಲ ಬಾರಿ ಅಲ್ ಗರಾಫಾದ ನಮ್ಮ ಫ್ಲ್ಯಾಟಿಗೆ ಬಂದರು. ನಾನು ಶುಕ್ರವಾರ ಮೀನಿನ ಸಾರು ಮಾಡತೊಡಗಿದೆ. ಗಂಡ ಬಡಿಸಿದ್ದನ್ನು ಉಂಡರು. ಆ ವಿಷಯ ನಾವಿಬ್ಬರೂ ಎತ್ತಲೇ ಇಲ್ಲ.

ಅಂಥದೊಂದು ಶುಕ್ರವಾರ ಸಂಜೆ ಹೊಸದಾಗಿ ತೆರೆದ ಕ್ರಿಯೋಲ್ ಹೋಟೆಲಿಗೆ ಹೋದೆವು. ಗಂಡನ ಜೊತೆ ಕೆಲಸ ಮಾಡುವ ಅಮೆರಿಕದವನೊಬ್ಬ ಹೊಗಳಿದ್ದನಂತೆ. ಗೋಡೆಯ ಪೇಂಟಿನ ವಾಸನೆ ಇನ್ನೂ ಹೋಗಿರಲಿಲ್ಲ. ಒಂದು ಕುರ್ಚಿಯ ಕಾಲಿಗೆ ಪ್ಲಾಸ್ಟಿಕ್ ಸುತ್ತಿದ್ದು ಹಾಗೇ ಇತ್ತು.

"ಕ್ರಿಯೋಲ್ ಅಂದ್ರೆ ಎಂತದು ಮಗಾ?" ಮಾಂಯ್ ಕೇಳಿದರು.

"ಅಮೆರಿಕದಲ್ಲಿ ಸಮುದ್ರದ ಬದಿಯವರ ಅಡುಗೆ ಮಾಂಯ್. ನಮ್ಮ ಹಾಗೇ ಅನ್ನ, ಸಿಗಡಿ, ಖಾರ," ಎಂದರು ಗಂಡ.

ಮೊದಲು ಬಂದದ್ದು ಗಂಬೋ ಎಂಬ ಸಾರಿನ ಸಣ್ಣ ಬಟ್ಟಲು, ರುಚಿ ನೋಡಲು. ಮಾಂಯ್ ಚಮಚದಲ್ಲಿ ಕಲಕಿ ನೋಡಿದರು. "ಬೆಂಡೆ ಹಾಕಿದ ಸಿಗಡಿ ಸಾರು! ತೆಂಗಿನಕಾಯಿ ಕಡೆಯಲಿಕ್ಕೆ ಉದಾಸೀನ ಆಗಿರ್ಬೇಕು ಇವರಿಗೆ." ಎಲ್ಲರೂ ನಕ್ಕೆವು.

ಆಮೇಲಿನದು ಜಂಬಾಲಯ ಎಂಬ ಅನ್ನದ ಬಗೆ. ಅದರಲ್ಲಿ ಸಿಗಡಿಯ ಜೊತೆ ಕೋಳಿ ಸಾಸೇಜು ಇದೆಯೆಂದಳು ಬಡಿಸುವ ಫಿಲಿಪೀನ್ಸಿನ ಹುಡುಗಿ. ನಾನು ನನ್ನ ಕಾನ್ವೆಂಟಿನ ಇಂಗ್ಲಿಷಿನಲ್ಲಿ, ನಾಲ್ಕು ಬಾರಿ ಪ್ಲೀಸ್ ಸೇರಿಸಿ, ಸಾಸೇಜು ಬೇಡ, ಇವತ್ತು ನಾವು ಮಾಂಸ ತಿನ್ನುವುದಿಲ್ಲ ಎಂದೆ. ಬೇಕಿದ್ದರೆ ಬೇರೆ ತಟ್ಟೆಯಲ್ಲಿ ತರುತ್ತೇನೆ ಮ್ಯಾಮ್ ಎಂದಳು ಆಕೆ.

"ಮಮ್ಮಿ, ವೈ ನೋ ಸಾಸೇಜ್?" ಮಗಳ ಧ್ವನಿ ಯಾವಾಗಲೂ ಜೋರು. "ಎವ್ರಿ ಫ್ರೈಡೇ ನಾವು ಚಿಕನ್ ಬಿರಿಯಾನಿ ತಿನ್ನೋದಲ್ವಾ? ಗ್ರ್ಯಾನಿ ಹೋದ ಮೇಲೆ ಮತ್ತೆ ಮಾಡ್ತೀಯಾ?"

ಗಂಡ ನೀರಿನ ಗ್ಲಾಸು ಎತ್ತಿದವರು ಕುಡಿಯದೆ ಹಿಡಿದೇ ಕುಳಿತರು. ಮಾಂಯ್ ಮಡಿಲಲ್ಲಿದ್ದ ಕರ್ಚೀಫನ್ನು ಬಿಡಿಸಿ, ಮತ್ತೆ ಮೊದಲಿನ ಮಡಿಕೆಗಳಲ್ಲೇ ಮಡಚಿದರು. ಆ ಮಗುವಿಗಾಗಿ ಊರಿನಲ್ಲಿ ಒಬ್ಬರೇ ಕುಳಿತು ಮಾಂಸ ಬಿಟ್ಟ ಶುಕ್ರವಾರಗಳಲ್ಲೆಲ್ಲ ಇಲ್ಲಿ ನಾವೂ ಬಿಟ್ಟಿದ್ದೇವೆಂದೇ ಅವರು ತಿಳಿದಿದ್ದರು.

"ಆ ಹುಡುಗಿಗೆ ಸಾಸೇಜು ತರ್ಲಿಕ್ಕೆ ಹೇಳು," ಎಂದರು ನನಗೆ. "ಬೇರೆ ತಟ್ಟೆಯಲ್ಲಿ."

"ಮಾಂಯ್, ಅದು ಎಂತ ಆಯ್ತು ಅಂದ್ರೆ, ಇಲ್ಲಿ ರಜೆ..." ಗಂಡ ಶುರುಮಾಡಿದರು.

"ಈಗ ಊಟ ಮಾಡುವಾ."

ತಟ್ಟೆ ಬಂತು. ಅಂಚು ಗರಿಯಾದ ಸಾಸೇಜಿನ ಬಿಲ್ಲೆಗಳು, ಎಣ್ಣೆ ಇನ್ನೂ ಚಿಟಪಟ ಎನ್ನುತ್ತಿತ್ತು. ಮಾಂಯ್ ಮೊದಲು ಮೊಮ್ಮಗಳಿಗೆ ಬಡಿಸಿದರು. "ತಿನ್ನು ಪುಟ್ಟಾ. ನಿನ್ನ ಪಾಲಿನದ್ದು ನಾನು ಬಿಟ್ಟಿದ್ದೇನೆ." ಆಮೇಲೆ ಚಮಚ ಗಂಡನ ತಟ್ಟೆಯ ಮೇಲೆ ಬಂತು. "ನೀನೂ ತಿನ್ನು ಮಾರಾಯ. ನಾನು ವಿಮಾನ ಹತ್ತುವವರೆಗೆ ಕಾಯ್ಬೇಡ." ದನಿಯಲ್ಲಿ ಸಿಟ್ಟಿರಲಿಲ್ಲ. ಇದ್ದಿದ್ದರೆ ನಮಗೆ ಹಗುರವಾಗುತ್ತಿತ್ತು. ಗಂಡ ತಲೆ ಎತ್ತದೆ ತಿಂದರು.

ಕೊನೆಗೆ ನನ್ನ ಕಡೆ ತಿರುಗಿದರು. ಚಮಚದಲ್ಲಿ ಎರಡು ಬಿಲ್ಲೆ. "ನಿನಗೆ?"

ಬೇಡ ಎನ್ನಲು ಬಾಯಿ ತೆರೆದೆ. ಬೇಡ ಎಂದರೆ ಇನ್ನೊಂದು ಮೀನಿನ ಸಾರು ಮಾಡಿ ಬಡಿಸಿದ ಹಾಗೆ. ತಟ್ಟೆ ಮುಂದೆ ಸರಿಸಿದೆ.

ಬಡಿಸಿದರು. ತಮ್ಮ ತಟ್ಟೆಯ ಸಿಗಡಿ ಅನ್ನವನ್ನು ಮೆಲ್ಲಗೆ ಉಣ್ಣುತ್ತ, ನಾನು ನುಂಗುವವರೆಗೆ ಕಾದು, "ಒಳ್ಳೇದುಂಟಾ?" ಎಂದು ಕೇಳಿದರು.

"ಒಳ್ಳೇದುಂಟು ಮಾಂಯ್," ಎಂದೆ. ನಿಜವಾಗಿಯೂ ಚೆನ್ನಾಗಿತ್ತು.